ಬಿಗಿಯಾದ ನಾಭಿಯಲ್ಲಿ ಧ್ರುವೀಕರಣ: ಬಿಂದುಗಳಿರಬೇಕಾದ ಕಡೆ ವಕ್ರರೇಖೆ ಏಕೆ?

ಸಂಶೋಧನಾ ವಿದ್ಯಾರ್ಥಿನಿ, ಯಶವಂತಪುರ:

ಎಲ್ಲರಿಗೂ ನಮಸ್ಕಾರ. ಬೆಳಕಿನ ಧ್ರುವೀಕರಣದ ಟೋಪಾಲಜಿಯನ್ನು (ಎಳೆದು ಬಾಗಿಸಿದರೂ ಬದಲಾಗದ ಗುಣಗಳನ್ನು) ಓದುತ್ತಿರುವ ನನಗೆ ಒಂದು ಪ್ರಶ್ನೆ ಬಿಡಿಸಲಾಗದೆ ಉಳಿದಿದೆ. ಈ ವಿಷಯ ಬಲ್ಲವರು ಇಲ್ಲಿ ಕೆಲವರಿದ್ದೀರಿ ಎಂದು ತಿಳಿದು ಕೇಳುತ್ತಿದ್ದೇನೆ.

ಒಂದೇ ತರಂಗಾಂತರದ ಬೆಳಕಿನಲ್ಲಿ ವಿದ್ಯುತ್ ಕ್ಷೇತ್ರದ ತುದಿ ಪ್ರತಿಯೊಂದು ಸ್ಥಳದಲ್ಲೂ ಒಂದು ದೀರ್ಘವೃತ್ತವನ್ನು ಬರೆಯುತ್ತದೆ. ಅದು ಪೂರ್ಣ ವೃತ್ತವಾದ ಕಡೆ ಉದ್ದನೆಯ ಅಕ್ಷ ಯಾವುದೆಂದು ಹೇಳಲಾಗುವುದಿಲ್ಲ, ಅದು ಸಿ-ಬಿಂದು. ಅದು ಚಪ್ಪಟೆಯಾಗಿ ಬರೀ ಗೆರೆಯಾದ ಕಡೆ ಕ್ಷೇತ್ರ ಯಾವ ಕಡೆಗೆ ತಿರುಗುತ್ತಿದೆ ಎಂದು ಹೇಳಲಾಗುವುದಿಲ್ಲ, ಅದು ಎಲ್-ರೇಖೆ. ಅಕ್ಷಕ್ಕೆ ಹತ್ತಿರವಾಗಿಯೇ ಸಾಗುವ ಸಾಧಾರಣ ಕಿರಣಪುಂಜದಲ್ಲಿ ಸಿ-ಬಿಂದುವಿನ ಸುತ್ತ ಒಂದು ಸುತ್ತು ಹಾಕಿದರೆ ಉದ್ದನೆಯ ಅಕ್ಷ ಅರ್ಧ ಸುತ್ತು ತಿರುಗುತ್ತದೆ. ಅದರ ಸೂಚ್ಯಂಕ ಒಂದೋ ಧನ ಅರ್ಧ, ಇಲ್ಲವೇ ಋಣ ಅರ್ಧ. ಲೆಮನ್, ಸ್ಟಾರ್, ಮಾನ್‌ಸ್ಟಾರ್ ಎಂಬ ಮೂರು ರೂಪಗಳು ಇಲ್ಲಿಂದಲೇ ಬಂದವು.

ಈಗ ಪ್ರಶ್ನೆ. 0.9 ನ್ಯೂಮರಿಕಲ್ ಅಪರ್ಚರ್‌ನ (ಕಿರಣಗಳು ಎಷ್ಟು ಅಗಲದ ಕೋನದಿಂದ ನಾಭಿಗೆ ಬರುತ್ತವೆ ಎಂಬುದರ ಅಳತೆ) ಆದರ್ಶ ಮಸೂರದ ಮೂಲಕ ರೇಖೀಯವಾಗಿ ಧ್ರುವೀಕೃತವಾದ ಬೆಳಕನ್ನು ನಾಭೀಕರಿಸಿ, ಕ್ಷೇತ್ರದ ಎಕ್ಸ್, ವೈ, ಝಡ್ ಎಂಬ ಮೂರೂ ಘಟಕಗಳನ್ನು (ಝಡ್ ಎಂದರೆ ಮಸೂರದ ಅಕ್ಷದ ದಿಕ್ಕು) ಲೆಕ್ಕ ಹಾಕಿದ್ದೇನೆ. ನಾಭಿತಲದಲ್ಲಿ ವೃತ್ತೀಯ ಧ್ರುವೀಕರಣ ಎಲ್ಲಿದೆ ಎಂದು ಹುಡುಕಿದರೆ ಬಿಡಿ ಬಿಡಿ ಬಿಂದುಗಳ ಬದಲು ಇಡೀ ವಕ್ರರೇಖೆಗಳೇ ಬರುತ್ತಿವೆ. ತಲವೊಂದರಲ್ಲಿ ಸಿ-ಸಿಂಗ್ಯುಲಾರಿಟಿಗಳು, ಅಂದರೆ ಧ್ರುವೀಕರಣ ವೃತ್ತೀಯವಾಗುವ ಜಾಗಗಳು, ಬಿಂದುಗಳಾಗಿರಬೇಕು ಎಂದು ಓದಿದ್ದೇವಲ್ಲ, ಹಾಗಾದರೆ ಮೂರನೆಯ ಘಟಕ ಬಂದೊಡನೆ ಆ ನಿಯಮವೇ ಬಿದ್ದುಹೋಗುತ್ತದೆಯೇ?

ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಬಸವನಗುಡಿ:

ನಿಯಮ ಬೀಳುವುದಿಲ್ಲಮ್ಮ, ಆದರೆ ಅದನ್ನು ಹೇಳುವ ರೀತಿ ಬದಲಾಗುತ್ತದೆ. ಆ ಭಾಗವನ್ನು ಮಲ್ಲೇಶ್ವರದ ಮೇಡಂ ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಮೂರನೆಯ ಘಟಕ ಎಲ್ಲಿಂದ ಬರುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಬೆಳಕು ಅಡ್ಡತರಂಗ ಎಂದು ಶಾಲೆಯಲ್ಲಿ ಕಲಿಸುವುದು ಒಂದೊಂದು ಸಮತಲ ತರಂಗಕ್ಕೆ ಮಾತ್ರ ನಿಜ. 0.9 ನ್ಯೂಮರಿಕಲ್ ಅಪರ್ಚರ್ ಇದ್ದರೆ ಗಾಳಿಯಲ್ಲಿ ಅಂಚಿನ ಕಿರಣ ಸುಮಾರು 64 ಡಿಗ್ರಿ ಬಾಗಿ ನಾಭಿಗೆ ಬರುತ್ತದೆ. ಪ್ರತಿ ಕಿರಣದ ಕ್ಷೇತ್ರವೂ ತನ್ನ ಪಥಕ್ಕೆ ಲಂಬವಾಗಿಯೇ ಉಳಿಯಬೇಕಾದ್ದರಿಂದ ಕಿರಣದ ಜೊತೆಗೆ ಕ್ಷೇತ್ರವೂ ಬಾಗುತ್ತದೆ, ಮತ್ತು ಅದರ ಒಂದು ಪಾಲು ಮಸೂರದ ಅಕ್ಷದ ಗುಂಟ ನಿಲ್ಲುತ್ತದೆ. ರಿಚರ್ಡ್ಸ್ ಮತ್ತು ವುಲ್ಫ್ 1959ರಲ್ಲಿ ಪ್ರಕಟಿಸಿದ ಲೆಕ್ಕ ಇದನ್ನು ಐ-0, ಐ-1, ಐ-2 ಎಂಬ ಮೂರು ಸಮಾಕಲಗಳಿಗೆ (ಇಂಟಿಗ್ರಲ್‌ಗಳಿಗೆ) ಇಳಿಸಿತು. ಇಂದಿಗೂ ಎಲ್ಲರೂ ಬಳಸುವುದು ಅದನ್ನೇ. ಬರುವ ಬೆಳಕು ಎಕ್ಸ್ ದಿಕ್ಕಿನಲ್ಲಿ ಧ್ರುವೀಕೃತವಾಗಿದ್ದರೆ ಎಕ್ಸ್ ಘಟಕದಲ್ಲಿ ಐ-0 ಮತ್ತು ಐ-2, ವೈ ಘಟಕದಲ್ಲಿ ಐ-2, ಝಡ್ ಘಟಕದಲ್ಲಿ ಐ-1 ಇರುತ್ತವೆ.

ಇಲ್ಲಿ ಗಮನಿಸಬೇಕಾದದ್ದು ಪ್ರಾವಸ್ಥೆ, ಅಂದರೆ ಕಂಪನ ತನ್ನ ಆವರ್ತದ ಯಾವ ಹಂತದಲ್ಲಿದೆ ಎಂಬುದು. ನಾಭಿತಲದಲ್ಲಿ ಝಡ್ ಘಟಕವು ಎಕ್ಸ್ ಮತ್ತು ವೈ ಎಂಬ ಅಡ್ಡ ಘಟಕಗಳಿಗಿಂತ ಸರಿಯಾಗಿ 90 ಡಿಗ್ರಿ ಪ್ರಾವಸ್ಥೆಯ ಅಂತರದಲ್ಲಿದೆ. ಆದ್ದರಿಂದ ರೇಖೀಯ ಬೆಳಕನ್ನೇ ಒಳಗೆ ಕಳಿಸಿದರೂ ನಾಭಿಯ ಎರಡು ಬದಿಗಳಲ್ಲಿ ಕ್ಷೇತ್ರವು ಪ್ರಸರಣದ ದಿಕ್ಕನ್ನೇ ಒಳಗೊಂಡ ತಲದಲ್ಲಿ, ಎದುರುಬದುರು ದಿಕ್ಕುಗಳಲ್ಲಿ, ದೀರ್ಘವೃತ್ತಗಳನ್ನು ಬರೆಯುತ್ತದೆ. ಅಡ್ಡ ಸ್ಪಿನ್ ಎಂದು ಕರೆಯುವುದು ಇದನ್ನೇ.

ಈ ಘಟಕ ಲೆಕ್ಕದ ಕಾಗದದ ಮೇಲೆ ಮಾತ್ರ ಇರುವಂಥದ್ದಲ್ಲ. ತ್ರಿಜ್ಯದ ದಿಕ್ಕಿನಲ್ಲಿ ಧ್ರುವೀಕರಿಸಿದ ಪುಂಜದ ನಾಭಿಯ ನಡುವೆ ಅಡ್ಡ ಘಟಕ ಸೊನ್ನೆಯಾಗಿ ಝಡ್ ಘಟಕವೇ ಉಳಿಯುತ್ತದೆ. ಡಾರ್ನ್, ಕ್ವಾಬಿಸ್ ಮತ್ತು ಲ್ಯೂಕ್ಸ್ 2003ರಲ್ಲಿ ಅಳೆದಾಗ ಅಂಥ ಪುಂಜದ ಚುಕ್ಕೆಯ ವಿಸ್ತೀರ್ಣ ತರಂಗಾಂತರದ ವರ್ಗದ 0.16 ಪಟ್ಟಿತ್ತು, ರೇಖೀಯ ಧ್ರುವೀಕರಣಕ್ಕೆ ಅದು 0.26 ಪಟ್ಟು.

ಗಣಿತ ಅಧ್ಯಾಪಕಿ, ಮಲ್ಲೇಶ್ವರ:

ಮೇಷ್ಟ್ರು ಅಡಿಪಾಯ ಹಾಕಿಕೊಟ್ಟಿದ್ದಾರೆ. ಈಗ ಷರತ್ತುಗಳನ್ನು ಎಣಿಸೋಣ.

ಕ್ಷೇತ್ರವನ್ನು ಸಂಕೀರ್ಣ ಸದಿಶವಾಗಿ ಬರೆದು, ಅದರ ಮೂರು ಘಟಕಗಳ ವರ್ಗಗಳನ್ನು, ಸಂಯುಗ್ಮ ತೆಗೆದುಕೊಳ್ಳದೆ, ಕೂಡಿಸಿ. ಬರುವ ಸಂಕೀರ್ಣ ಸಂಖ್ಯೆಯನ್ನು ಇಲ್ಲಿ ವರ್ಗಮೊತ್ತ ಎಂದು ಕರೆಯುತ್ತೇನೆ. ಅದು ಸೊನ್ನೆಯಾದ ಕಡೆ ಧ್ರುವೀಕರಣ ವೃತ್ತೀಯ, ಆ ವೃತ್ತ ಯಾವ ತಲದಲ್ಲಿ ಮಲಗಿದ್ದರೂ ಸರಿ. ಸಂಕೀರ್ಣ ಸಂಖ್ಯೆ ಸೊನ್ನೆಯಾಗಬೇಕಾದರೆ ವಾಸ್ತವ ಭಾಗ ಮತ್ತು ಕಾಲ್ಪನಿಕ ಭಾಗ ಎರಡೂ ಸೊನ್ನೆಯಾಗಬೇಕು. ಅಂದರೆ ಎರಡು ಷರತ್ತು. ಮೂರು ಆಯಾಮಗಳಲ್ಲಿ ಎರಡು ಷರತ್ತು ಹಾಕಿದರೆ ಉಳಿಯುವುದು ರೇಖೆ. ಹಾಗಾಗಿ ನಾಭಿಯ ಸುತ್ತಲಿನ ನಿಜವಾದ ವಸ್ತು ಸಿ-ರೇಖೆ. ತಲವೊಂದು ಅದನ್ನು ಕತ್ತರಿಸಿದ ಜಾಗ ಸಿ-ಬಿಂದು.

ಎಲ್ ವಿಷಯದಲ್ಲಿ ಬದಲಾವಣೆ ಇನ್ನೂ ದೊಡ್ಡದು. ಎರಡೇ ಘಟಕಗಳಿದ್ದಾಗ ರೇಖೀಯವಾಗಲು ಒಂದು ಷರತ್ತು ಸಾಕು, ಆದ್ದರಿಂದ ಅದು ಆಕಾಶದಲ್ಲಿ ಒಂದು ಮೇಲ್ಮೈ, ತಲದಲ್ಲಿ ಒಂದು ರೇಖೆ. ಮೂರು ಘಟಕಗಳಿದ್ದಾಗ ಕ್ಷೇತ್ರದ ವಾಸ್ತವ ಮತ್ತು ಕಾಲ್ಪನಿಕ ಸದಿಶಗಳು ಮೂರು ಆಯಾಮಗಳಲ್ಲಿ ಸಮಾಂತರವಾಗಬೇಕು. ಅದಕ್ಕೆ ಎರಡು ಷರತ್ತು ಬೇಕು. ಮೇಲ್ಮೈ ಕರಗಿ ರೇಖೆಯಾಗುತ್ತದೆ. ನೈ 1983ರಲ್ಲೂ, ನೈ ಮತ್ತು ಹಜ್ನಲ್ 1987ರಲ್ಲೂ ಇದನ್ನು ಸ್ಪಷ್ಟವಾಗಿ ಕಟ್ಟಿಕೊಟ್ಟರು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ: ಅಕ್ಷಕ್ಕೆ ಹತ್ತಿರದ ಬೆಳಕಿನಲ್ಲಿ ಸಿ ಮತ್ತು ಎಲ್ ಬೇರೆ ಬೇರೆ ಜಾತಿಯವು, ಪೂರ್ಣ ಕ್ಷೇತ್ರದಲ್ಲಿ ಎರಡೂ ಸಮಾನ.

ಇನ್ನು ನಿಮ್ಮ ವಕ್ರರೇಖೆ. ಮೇಷ್ಟ್ರು ಹೇಳಿದ 90 ಡಿಗ್ರಿಯನ್ನು ನೆನಪಿಡಿ. ಆದರ್ಶ ಮಸೂರದ ನಾಭಿತಲದಲ್ಲಿ ಎಕ್ಸ್ ಮತ್ತು ವೈ ಘಟಕಗಳನ್ನು ವಾಸ್ತವವೆಂದು ಬರೆದರೆ ಝಡ್ ಘಟಕ ಶುದ್ಧ ಕಾಲ್ಪನಿಕ. ಅದರ ವರ್ಗ ಋಣ ಸಂಖ್ಯೆ, ಆದರೂ ವಾಸ್ತವ ಸಂಖ್ಯೆಯೇ. ಆದ್ದರಿಂದ ಆ ಒಂದು ತಲದಲ್ಲಿ ವರ್ಗಮೊತ್ತ ಎಲ್ಲೆಡೆಯೂ ವಾಸ್ತವ, ಎರಡು ಷರತ್ತುಗಳಲ್ಲಿ ಒಂದು ತಾನಾಗಿಯೇ ಈಡೇರಿದೆ. ಉಳಿದ ಒಂದು ಷರತ್ತು ತಲದಲ್ಲಿ ವಕ್ರರೇಖೆಯನ್ನು ಕೊಡುತ್ತದೆ. ನಿಮ್ಮ ಸಿ-ರೇಖೆ ನಾಭಿತಲವನ್ನು ದಾಟಿಹೋಗುತ್ತಿಲ್ಲ; ಅದು ಆ ತಲದೊಳಗೇ ಮಲಗಿದೆ. ನಿಯಮ ಎಲ್ಲೂ ಮುರಿದಿಲ್ಲ.

ಸಂಶೋಧನಾ ವಿದ್ಯಾರ್ಥಿನಿ, ಯಶವಂತಪುರ:

ಮೇಡಂ, ತುಂಬಾ ಧನ್ಯವಾದ. ಎಕ್ಸ್ ಅಕ್ಷದ ಮೇಲೆ ಇದನ್ನು ಕೈಲೆಕ್ಕದಿಂದಲೇ ನೋಡಬಹುದು ಎಂದು ಈಗ ಹೊಳೆಯಿತು. ನಾಭಿಯ ನಡುವೆ ಝಡ್ ಘಟಕ ಸೊನ್ನೆ, ಎಕ್ಸ್ ಘಟಕ ಗರಿಷ್ಠ. ಅಲ್ಲಿಂದ ಹೊರಗೆ ಸರಿದರೆ ಎಕ್ಸ್ ಘಟಕ ಸೊನ್ನೆಯಾಗುವ ಜಾಗ ಬರುತ್ತದೆ, ಅಲ್ಲಿ ಝಡ್ ಘಟಕ ಇನ್ನೂ ಉಳಿದಿರುತ್ತದೆ. ನಡುವೆ ಎಲ್ಲೋ ಎರಡರ ಪರಿಮಾಣ ಸಮವಾಗಲೇಬೇಕು. ಪ್ರಾವಸ್ಥೆಯ ಅಂತರ 90 ಡಿಗ್ರಿ ಇರುವುದರಿಂದ ಅಲ್ಲಿ ಧ್ರುವೀಕರಣ ವೃತ್ತೀಯವಾಗಲೇಬೇಕು.

ಹಾಗಾದರೆ ಎಕ್ಸ್ ಮತ್ತು ವೈ ಘಟಕಗಳನ್ನಷ್ಟೇ ತೆಗೆದುಕೊಂಡು ಗುರುತಿಸುವ ಸಿ-ಬಿಂದುಗಳಿಗೂ ಈ ನಿಜವಾದ ಸಿ-ರೇಖೆಗಳಿಗೂ ಸಂಬಂಧವೇ ಇಲ್ಲವೇ?

ಗಣಿತ ಅಧ್ಯಾಪಕಿ, ಮಲ್ಲೇಶ್ವರ:

ಕೋನ ಚಿಕ್ಕದಾದಂತೆ ಅವು ಒಂದನ್ನೊಂದು ಸಮೀಪಿಸುತ್ತವೆ. ಕೋನ ದೊಡ್ಡದಾದಾಗ ಅವು ಬೇರೆ ಬೇರೆ ಜಾಗಗಳಲ್ಲಿರುತ್ತವೆ, ಸಂಖ್ಯೆಯೂ ಒಂದೇ ಆಗಿರಬೇಕಿಲ್ಲ. ಅಡ್ಡ ಘಟಕಗಳ ಸಿ-ಬಿಂದು ನೀವು ಆಯ್ದುಕೊಂಡ ತಲದ ಗುಣ. ತಲವನ್ನು ಓರೆ ಮಾಡಿದರೆ ಅದು ಸರಿದುಹೋಗುತ್ತದೆ. ಪೂರ್ಣ ವರ್ಗಮೊತ್ತದ ಸಿ-ರೇಖೆ ಅಕ್ಷಗಳನ್ನು ಹೇಗೆ ತಿರುಗಿಸಿದರೂ ಅಲ್ಲೇ ಇರುತ್ತದೆ. ಇನ್ನೊಂದು ಮಾತು: ವಿದ್ಯುತ್ ಕ್ಷೇತ್ರದ ಸಿ-ರೇಖೆಗಳೂ ಕಾಂತಕ್ಷೇತ್ರದ ಸಿ-ರೇಖೆಗಳೂ ಬಿಗಿಯಾದ ನಾಭಿಯಲ್ಲಿ ಸಾಮಾನ್ಯವಾಗಿ ಒಂದೇ ಕಡೆ ಇರುವುದಿಲ್ಲ. ಲೇಖನದಲ್ಲಿ ಯಾವುದನ್ನು ಹೇಳುತ್ತಿದ್ದೀರಿ ಎಂದು ಮೊದಲೇ ಬರೆಯಿರಿ.

ದೃಗ್ಯಂತ್ರ ಎಂಜಿನಿಯರ್, ಪೀಣ್ಯ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಆಬ್ಜೆಕ್ಟಿವ್‌ಗಳನ್ನು (ಸೂಕ್ಷ್ಮದರ್ಶಕದ ಮಸೂರಗಳನ್ನು) ಜೋಡಿಸಿ ಪರೀಕ್ಷಿಸುವುದು ನನ್ನ ಉದ್ಯೋಗವಾದ್ದರಿಂದ ಎರಡು ಆಕ್ಷೇಪಗಳನ್ನು ಮುಂದಿಡುತ್ತೇನೆ.

ಮೊದಲನೆಯದು ಅಳತೆಯದ್ದು. ನಾಭಿಯ ಹಿಂದೆ ಇನ್ನೊಂದು ಮಸೂರ, ಧ್ರುವಕ, ಕಾಲು ತರಂಗ ಫಲಕ ಮತ್ತು ಕ್ಯಾಮೆರಾ ಇಟ್ಟು, ಧ್ರುವೀಕರಣವನ್ನು ವಿವರಿಸುವ ಸ್ಟೋಕ್ಸ್ ಪ್ರಮಾಣಗಳನ್ನು ಅಳೆಯುವವರು ನಾಭಿಯ ಧ್ರುವೀಕರಣವನ್ನೇ ಅಳೆದೆವು ಎಂದುಕೊಳ್ಳುತ್ತಾರೆ. ಆದರೆ ಆ ಎರಡನೆಯ ಮಸೂರ ಕಿರಣಗಳನ್ನು ಮತ್ತೆ ನೇರ ಮಾಡಿ ಝಡ್ ಘಟಕವನ್ನು ಅಡ್ಡ ಘಟಕಗಳೊಳಗೆ ಮಡಚಿಬಿಟ್ಟಿರುತ್ತದೆ. ಕ್ಯಾಮೆರಾ ತೋರಿಸುವುದು ಎರಡು ಘಟಕಗಳ ಕಥೆಯನ್ನು ಮಾತ್ರ.

ಎರಡನೆಯದು, ಇಂಥ ರೇಖೆಗಳು ಸಣ್ಣ ಬದಲಾವಣೆಗಳಿಗೆ ಅಳಿಯುವುದಿಲ್ಲ ಎನ್ನಲು ಬಳಸುವ ಟೋಪಾಲಜಿಯ ರಕ್ಷಣೆ ಎಂಬ ಮಾತು. ಆಬ್ಜೆಕ್ಟಿವ್ ಸ್ವಲ್ಪ ಓರೆಯಾದರೆ, ಸ್ವಲ್ಪ ಆಸ್ಟಿಗ್ಮ್ಯಾಟಿಸಂ (ಎರಡು ಅಡ್ಡ ದಿಕ್ಕುಗಳಲ್ಲಿ ನಾಭಿ ಬೇರೆ ಬೇರೆ ಕಡೆ ಬೀಳುವ ದೋಷ) ಇದ್ದರೆ ನಾಭಿಯ ಚಿತ್ರವೇ ಬದಲಾಗುವುದನ್ನು ನಾನು ದಿನವೂ ನೋಡುತ್ತೇನೆ. ಹಾಗಿರುವಾಗ ಏನು ರಕ್ಷಿತವಾಗಿದೆ?

ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಬಸವನಗುಡಿ:

ಅಳತೆಯ ಆಕ್ಷೇಪ ನೂರಕ್ಕೆ ನೂರು ಸರಿ. ಅದಕ್ಕಾಗಿಯೇ ಹಜ್ನಲ್ 1990ರಲ್ಲಿ ಮೈಕ್ರೊವೇವ್ ತರಂಗಗಳ ಮೇಲೆ ಪ್ರಯೋಗ ನಡೆಸಿದರು. ಅಲ್ಲಿ ತರಂಗಾಂತರ ದೊಡ್ಡದಾದ್ದರಿಂದ ಕ್ಷೇತ್ರದೊಳಗೇ ಶೋಧಕವನ್ನಿಟ್ಟು ಒಂದೊಂದು ಘಟಕವನ್ನು ಅಳೆಯಬಹುದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಂಥ ಶೋಧಕವೆಂದರೆ ತರಂಗಾಂತರಕ್ಕಿಂತ ತುಂಬಾ ಚಿಕ್ಕದಾದ ಚಿನ್ನದ ಕಣ. ಗಾಜಿನ ಮೇಲೆ ಕೂತ ಅದನ್ನು ನಾಭಿಯೊಳಗೆ ಹಂತಹಂತವಾಗಿ ಸರಿಸುತ್ತ, ಪ್ರತಿ ಹಂತದಲ್ಲೂ ಅದು ಯಾವ ಕೋನಕ್ಕೆ ಎಷ್ಟು ಬೆಳಕನ್ನು ಚೆದುರಿಸಿತು ಎಂದು ದಾಖಲಿಸುತ್ತಾರೆ. ಅಕ್ಷದ ಗುಂಟ ಕಂಪಿಸುವ ಕಣ ಮತ್ತು ಅಡ್ಡಲಾಗಿ ಕಂಪಿಸುವ ಕಣ ಬೇರೆ ಬೇರೆ ಕೋನಗಳಿಗೆ ಬೆಳಕನ್ನು ಕಳಿಸುತ್ತವೆ, ಅವುಗಳ ವ್ಯತಿಕರಣದಿಂದ ಪ್ರಾವಸ್ಥೆಯೂ ಸಿಗುತ್ತದೆ.

ಎರ್ಲಾಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಬೆಳಕಿನ ವಿಜ್ಞಾನ ಸಂಸ್ಥೆಯ ಬಾವರ್, ಬ್ಯಾಂಜರ್ ಮತ್ತು ಸಂಗಡಿಗರು 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇಂಥ ಅಳತೆಯನ್ನೇ. ಕ್ಯು-ಪ್ಲೇಟ್ ಎಂಬ ದ್ರವಸ್ಫಟಿಕದ ಫಲಕದಿಂದ ಹೊರಟ ಬೆಳಕನ್ನು ಬಿಗಿಯಾಗಿ ನಾಭೀಕರಿಸಿ, ಅಕ್ಷದ ಸುತ್ತಲಿನ ಒಂದು ವರ್ತುಲದ ಮೇಲೆ ದೀರ್ಘವೃತ್ತಗಳ ಉದ್ದನೆಯ ಅಕ್ಷಗಳನ್ನು ಮೂರು ಆಯಾಮಗಳಲ್ಲಿ ಗುರುತಿಸಿದಾಗ, ಅವು ಮೋಬಿಯಸ್ ಪಟ್ಟಿಯನ್ನು (ತಿರುಚಿ ತುದಿಗಳನ್ನು ಜೋಡಿಸಿದ, ಒಂದೇ ಮುಖದ ಪಟ್ಟಿಯನ್ನು) ಕಟ್ಟಿದವು. ಒಂದರಲ್ಲಿ ಮೂರು ಅರ್ಧತಿರುವು, ಇನ್ನೊಂದರಲ್ಲಿ ಐದು. ಐಸಾಕ್ ಫ್ರಾಯಿಂಡ್ ಇದನ್ನು ಹತ್ತು ವರ್ಷ ಮೊದಲೇ ಗಣಿತದಿಂದ ಹೇಳಿದ್ದರು.

ಗಣಿತ ಅಧ್ಯಾಪಕಿ, ಮಲ್ಲೇಶ್ವರ:

ಎಂಜಿನಿಯರ್ ಅವರ ಎರಡನೆಯ ಆಕ್ಷೇಪಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ಇಡೀ ಚರ್ಚೆಯ ತಿರುಳು ಅಲ್ಲಿದೆ.

ದೀರ್ಘವೃತ್ತದ ಉದ್ದನೆಯ ಅಕ್ಷದ ದಿಕ್ಕನ್ನು ಪಡೆಯಲು ವರ್ಗಮೊತ್ತದ ವರ್ಗಮೂಲ ಬೇಕು. ಸಾಧಾರಣ ಸಿ-ರೇಖೆಯ ಸುತ್ತ ಒಂದು ಸುತ್ತು ಹೋದರೆ ವರ್ಗಮೊತ್ತದ ಪ್ರಾವಸ್ಥೆ 360 ಡಿಗ್ರಿ ತಿರುಗುತ್ತದೆ, ಅದರ ವರ್ಗಮೂಲದ ಪ್ರಾವಸ್ಥೆ 180 ಡಿಗ್ರಿ. ಅಂದರೆ ಹೊರಟ ಜಾಗಕ್ಕೆ ಮರಳಿದಾಗ ಬಾಣದ ತಲೆ ಬಾಲಗಳು ಅದಲುಬದಲಾಗಿರುತ್ತವೆ. ಹೀಗಾಗಿ ಪಟ್ಟಿಯಲ್ಲಿ ಬೆಸ ಸಂಖ್ಯೆಯ ಅರ್ಧತಿರುವುಗಳು ಇರಲೇಬೇಕು. ಅದು ಮೂರೋ ಐದೋ ಎಂಬುದು ಪುಂಜವನ್ನು ಹೇಗೆ ಸಿದ್ಧಪಡಿಸಿದ್ದೀರಿ, ಯಾವ ವರ್ತುಲದ ಮೇಲೆ ನಡೆದಿರಿ ಎಂಬುದನ್ನು ಅವಲಂಬಿಸುತ್ತದೆ. ಬೆಸ ಎಂಬುದು ಮಾತ್ರ ಒಂಟಿ ಸಿ-ರೇಖೆಯನ್ನು ಸುತ್ತಿರುವವರೆಗೂ ಬದಲಾಗದು. ನಿಮ್ಮ ಆಬ್ಜೆಕ್ಟಿವ್ ಓರೆಯಾದಾಗ ಚಿತ್ರ ಬದಲಾಗುತ್ತದೆ, ರೇಖೆ ಸರಿಯುತ್ತದೆ, ಬಾಗುತ್ತದೆ. ಆದರೆ ಒಂಟಿಯಾದ ರೇಖೆ ತಾನಾಗಿಯೇ ಮಾಯವಾಗಲಾರದು. ವಿರುದ್ಧ ಸೂಚ್ಯಂಕದ ಇನ್ನೊಂದು ರೇಖೆಯನ್ನು ಸಂಧಿಸಿದಾಗ, ಇಲ್ಲವೇ ರೇಖೆಯೇ ಉಂಗುರವಾಗಿ ಕುಗ್ಗಿದಾಗ ಮಾತ್ರ ಅದು ಅಳಿಯುತ್ತದೆ. ರಕ್ಷಣೆ ಎಂಬುದರ ಅರ್ಥ ಇಷ್ಟೇ, ಇದಕ್ಕಿಂತ ಹೆಚ್ಚಿನದನ್ನು ಹೇಳುವುದು ಸರಿಯಲ್ಲ ಎಂಬುದರಲ್ಲಿ ನಾನು ನಿಮ್ಮ ಪಕ್ಷ.

ಬೆರಳಚ್ಚಿನ ಗೆರೆಗಳಲ್ಲಿ ಇದೇ ಗಣಿತವಿದೆ: ಗೆರೆಗಳು ಮಡಚಿ ಹಿಂತಿರುಗುವ ಕುಣಿಕೆಯ ತುದಿಗೆ ಧನ ಅರ್ಧ, ಮೂರು ಕಡೆಯ ಗೆರೆಗಳು ಕೂಡುವ ತ್ರಿಕೋನಕ್ಕೆ ಋಣ ಅರ್ಧ. ಚರ್ಮವನ್ನು ಎಳೆದರೆ ಅವು ಸರಿಯುತ್ತವೆ, ಅಳಿಸಿಹೋಗುವುದಿಲ್ಲ.

ಈಗ ಆದರ್ಶ ಮಸೂರಕ್ಕೆ ವೃತ್ತೀಯ ಬೆಳಕನ್ನು ಕಳಿಸಿ. ಬಂದ ವೃತ್ತೀಯ ಘಟಕ ಐ-0 ಆಗಿ ಉಳಿಯುತ್ತದೆ. ಎದುರು ದಿಕ್ಕಿನ ವೃತ್ತೀಯ ಘಟಕ ಐ-2 ಆಗಿ, ಅಕ್ಷದ ಸುತ್ತ ಎರಡು ಸುತ್ತಿನ ಪ್ರಾವಸ್ಥೆ ಹೊತ್ತು ಹುಟ್ಟುತ್ತದೆ. ಝಡ್ ಘಟಕ ಐ-1 ಆಗಿ, ಒಂದು ಸುತ್ತಿನ ಪ್ರಾವಸ್ಥೆಯೊಂದಿಗೆ ಬರುತ್ತದೆ. ವರ್ಗಮೊತ್ತ ಮಾಡಿ ನೋಡಿ: ಐ-0 ಮತ್ತು ಐ-2ರ ಗುಣಲಬ್ಧದಿಂದ ಐ-1ರ ವರ್ಗವನ್ನು ಕಳೆದ ಸಂಖ್ಯೆಯ ಎರಡು ಪಟ್ಟು, ಅದಕ್ಕೆ ಎರಡು ಸುತ್ತಿನ ಪ್ರಾವಸ್ಥೆ. ಅಕ್ಷದ ಬಳಿ ಅದು ದೂರದ ವರ್ಗದಂತೆ ಸೊನ್ನೆಗೆ ಇಳಿಯುತ್ತದೆ. ಅಂದರೆ ಅಕ್ಷದ ಮೇಲಿರುವುದು ಒಂದು ಸಿ-ರೇಖೆಯಲ್ಲ, ಒಂದರ ಮೇಲೊಂದು ಕೂತ ಎರಡು. ಅದರ ಸುತ್ತ ನಡೆದರೆ ಬಾಣ ಸರಿಯಾಗಿ ಮರಳುತ್ತದೆ, ಪಟ್ಟಿಗೆ ಎರಡು ಮುಖಗಳಿರುತ್ತವೆ, ಮೋಬಿಯಸ್ ಇಲ್ಲ.

ಆದರೆ ಇಂಥ ಜೋಡಿ ಸೊನ್ನೆ ನಿಲ್ಲುವಂಥದ್ದಲ್ಲ. ಮಸೂರದ ವರ್ತುಲ ಸಮ್ಮಿತಿ ಎಳ್ಳಷ್ಟು ಕೆಟ್ಟರೂ ಅದು ಒಂದೇ ಚಿಹ್ನೆಯ ಎರಡು ಸಿ-ರೇಖೆಗಳಾಗಿ ಸೀಳುತ್ತದೆ. ಒಂದೊಂದರ ಸುತ್ತಲೂ ಪ್ರತ್ಯೇಕವಾಗಿ ನಡೆದರೆ ಮೋಬಿಯಸ್ ಸಿಗುತ್ತದೆ. ಎರಡನ್ನೂ ಒಳಗೊಂಡ ದೊಡ್ಡ ವರ್ತುಲದ ಮೇಲೆ ನಡೆದರೆ ಹಳೆಯ ಎರಡು ಮುಖದ ಪಟ್ಟಿಯೇ ಉಳಿಯುತ್ತದೆ.

ದೃಗ್ಯಂತ್ರ ಎಂಜಿನಿಯರ್, ಪೀಣ್ಯ:

ಇದು ನನಗೆ ನೇರವಾಗಿ ಉಪಯೋಗಕ್ಕೆ ಬರುವ ಮಾತು, ಮೇಡಂ. ಹಾಗಾದರೆ ಆ ಎರಡು ಸಿ-ರೇಖೆಗಳ ನಡುವಿನ ಅಂತರ ಮಸೂರದ ಸಮ್ಮಿತಿ ಎಷ್ಟು ಕೆಟ್ಟಿದೆ ಎಂಬುದರ ಸೂಚಕವಾಗುತ್ತದೆ. ವರ್ಗಮೊತ್ತ ದೂರದ ವರ್ಗದಂತೆ ಇಳಿಯುವುದರಿಂದ ದೋಷದ ವರ್ಗಮೂಲದಷ್ಟು ಅಂತರ ಬರಬೇಕು. ಚಿಕ್ಕ ದೋಷಕ್ಕೂ ಎದ್ದು ಕಾಣುವ ಸೀಳು. ತತ್ತ್ವದಲ್ಲಿ ಒಳ್ಳೆಯ ಪರೀಕ್ಷೆ, ಆದರೆ ಮೇಷ್ಟ್ರು ಹೇಳಿದ ಚಿನ್ನದ ಕಣದ ಅಳತೆ ಕಾರ್ಖಾನೆಯ ಮೇಜಿನ ಮೇಲೆ ನಡೆಯುವ ಕೆಲಸವಲ್ಲ.

ಸ್ಕಿರ್ಮಿಯಾನ್‌ಗಳ (ಸದಿಶಗಳು ಎಲ್ಲ ದಿಕ್ಕುಗಳಿಗೂ ತಿರುಗಿ ಇಡೀ ಗೋಳವನ್ನು ಸುತ್ತುವ ರಚನೆಗಳ) ಬಗ್ಗೆಯೂ ಒಂದು ಮಾತು. ಇತ್ತೀಚೆಗೆ ನಾಭಿಯ ಪ್ರತಿಯೊಂದು ಚಿತ್ರಕ್ಕೂ ಆ ಹೆಸರು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ.

ಗಣಿತ ಅಧ್ಯಾಪಕಿ, ಮಲ್ಲೇಶ್ವರ:

ಪೂರ್ತಿ ತಳ್ಳಿಹಾಕಬೇಡಿ. 2018ರಲ್ಲಿ ಇಸ್ರೇಲಿನ ಟೆಕ್ನಿಯಾನ್ ತಂಡ ತೋರಿಸಿದ್ದು ಲೋಹದ ಮೇಲ್ಮೈಗೆ ಅಂಟಿಕೊಂಡ ತರಂಗಗಳಲ್ಲಿ ವಿದ್ಯುತ್ ಕ್ಷೇತ್ರದ ಸದಿಶವೇ ಕಟ್ಟಿದ ಸ್ಕಿರ್ಮಿಯಾನ್ ಜಾಲ. ಅಲ್ಲಿ ಮಾದರಿ ಮರುಕಳಿಸುವುದರಿಂದ ಒಂದು ಕೋಶದ ಗಡಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರವಿದೆ, ಆದ್ದರಿಂದ ಸದಿಶ ಗೋಳವನ್ನು ಎಷ್ಟು ಸಲ ಸುತ್ತುತ್ತದೆ ಎಂಬ ಎಣಿಕೆಗೂ ಅರ್ಥವಿದೆ. 2019ರಲ್ಲಿ ಡು, ಯಾಂಗ್, ಜಯಾಟ್ಸ್ ಮತ್ತು ಯುವಾನ್ ಸ್ಪಿನ್ ಸದಿಶದಲ್ಲಿ ಅಂಥ ರಚನೆಯನ್ನು ತೋರಿಸಿದರು. ಒಂಟಿ ನಾಭಿಯಲ್ಲಿ ತೊಂದರೆ ಗಡಿಯದ್ದೇ. ಗಡಿಯ ಮೇಲೆ ಸದಿಶ ಎಲ್ಲೆಡೆಯೂ ಒಂದೇ ದಿಕ್ಕಿನಲ್ಲಿಲ್ಲದಿದ್ದರೆ ಎಣಿಕೆ ಪೂರ್ಣಾಂಕವೇ ಆಗದು. ಯಾವ ಸದಿಶ, ಯಾವ ಗಡಿ ಎಂದು ಹೇಳದೆ ಬರೆದ ಪೂರ್ಣಾಂಕವನ್ನು ಒಪ್ಪಿಕೊಳ್ಳಬಾರದು ಎಂಬಷ್ಟಕ್ಕೆ ನಾನು ನಿಮ್ಮೊಂದಿಗಿದ್ದೇನೆ.

ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಬಸವನಗುಡಿ:

ಈ ವಿಷಯಕ್ಕೂ ನಮ್ಮ ಊರಿಗೂ ಇರುವ ಹಳೆಯ ನಂಟನ್ನು ಹೇಳದೆ ಇರಲಾರೆ, ಅದು ಅಪ್ರಸ್ತುತವೂ ಅಲ್ಲ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ 1956ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಬೇರೆ ಬೇರೆ ಧ್ರುವೀಕರಣದ ಎರಡು ಪುಂಜಗಳು ಒಂದೇ ಪ್ರಾವಸ್ಥೆಯಲ್ಲಿವೆ ಎನ್ನುವುದಕ್ಕೆ ಏನರ್ಥ ಎಂದು ಕೇಳಿದರು. ಪ್ವಾನ್‌ಕರೆ ಗೋಳದ (ಪ್ರತಿ ಧ್ರುವೀಕರಣವನ್ನೂ ಒಂದು ಬಿಂದುವಾಗಿ ತೋರಿಸುವ ಗೋಳದ) ಮೇಲೆ ಮೂರು ಧ್ರುವೀಕರಣಗಳ ತ್ರಿಕೋನವನ್ನು ಸುತ್ತಿ ಬಂದರೆ ಆ ತ್ರಿಕೋನದ ಘನಕೋನದ ಅರ್ಧದಷ್ಟು ಪ್ರಾವಸ್ಥೆ ಉಳಿಯುತ್ತದೆ ಎಂದು ಅವರು ತೋರಿಸಿದರು. ಮೈಕೇಲ್ ಬೆರಿ 1984ರಲ್ಲಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಜ್ಯಾಮಿತೀಯ ಪ್ರಾವಸ್ಥೆಯನ್ನು ಕಂಡ ಮೇಲೆ, ಪಂಚರತ್ನಂ ಅವರ ಕೆಲಸ ಅದರ ಪೂರ್ವರೂಪ ಎಂದು ರಾಮಶೇಷನ್ ಮತ್ತು ನಿತ್ಯಾನಂದ 1986ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಪಂಚರತ್ನಂ 1969ರಲ್ಲೇ ತೀರಿಕೊಂಡಿದ್ದರು.

ಇನ್ನೂ ಕಡಿಮೆ ಜನರಿಗೆ ಗೊತ್ತಿರುವುದು ಬೆಳಕನ್ನು ಹೀರುವ ದ್ವಿಅಕ್ಷ ಸ್ಫಟಿಕಗಳ ಮೇಲೆ 1955ರಲ್ಲಿ ಅವರು ಮಾಡಿದ ಕೆಲಸ. ಅಂಥ ಸ್ಫಟಿಕದ ಕೆಲವು ವಿಶೇಷ ದಿಕ್ಕುಗಳಲ್ಲಿ ಎರಡು ಧ್ರುವೀಕರಣಗಳ ಬದಲು ಒಂದೇ ಒಂದು ವೃತ್ತೀಯ ಧ್ರುವೀಕರಣ ಬದಲಾಗದೆ ಸಾಗುತ್ತದೆ. ಅವನ್ನು ಸಿಂಗ್ಯುಲರ್ ಅಕ್ಷಗಳು ಎನ್ನುತ್ತಾರೆ, ಮತ್ತು ಅಲ್ಲೂ ಮೇಡಂ ಹೇಳಿದ ವರ್ಗಮೂಲದ ಕವಲೇ ಕೆಲಸ ಮಾಡುತ್ತದೆ. ಹೀರಿಕೆ ಇಲ್ಲದಾಗ ಒಂದಾಗಿದ್ದ ಅಕ್ಷ ಹೀರಿಕೆ ಬಂದಾಗ ಎರಡಾಗಿ ಸೀಳುವುದು, ಅಕ್ಷದ ಮೇಲಿನ ಜೋಡಿ ಸಿ-ರೇಖೆ ಸೀಳುವುದಕ್ಕೆ ತೀರ ಹತ್ತಿರದ ಸಂಗತಿ. ಈ ಓದಿಗೆ ಇಳಿದವರು ಅವರ ಮೂಲ ಲೇಖನಗಳನ್ನು ಒಮ್ಮೆಯಾದರೂ ಓದಬೇಕೆಂಬುದು ನನ್ನ ಕಳಕಳಿಯ ಆಗ್ರಹ. ಅವು ಇಂದಿಗೂ ತಿಳಿಯಾಗಿ ಓದಿಸಿಕೊಳ್ಳುತ್ತವೆ.

ಸಂಶೋಧನಾ ವಿದ್ಯಾರ್ಥಿನಿ, ಯಶವಂತಪುರ:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಇನ್ನು ಮುಂದೆ ಆದರ್ಶ ಮಸೂರದ ಚಿತ್ರವನ್ನು ಕೊನೆಯ ಉತ್ತರವೆಂದು ತೆಗೆದುಕೊಳ್ಳುವುದಿಲ್ಲ. ಮಸೂರದ ಮೇಲೆ ಸಣ್ಣ ಪ್ರಮಾಣದ ಆಸ್ಟಿಗ್ಮ್ಯಾಟಿಸಂ ಮತ್ತು ಕೋಮಾ (ಚುಕ್ಕೆಗೆ ಬಾಲ ಬರುವ ದೋಷ) ಸೇರಿಸಿ, ನಾಭಿತಲದೊಳಗೆ ಮಲಗಿದ ವಕ್ರರೇಖೆ ತಲ ಬಿಟ್ಟು ಹೇಗೆ ಏಳುತ್ತದೆ, ತಲವನ್ನು ಎಷ್ಟು ಕಡೆ ದಾಟುತ್ತದೆ ಎಂದು ನೋಡುತ್ತೇನೆ. ರೇಖೆಗಳನ್ನು ಗಣಕದಲ್ಲಿ ಹಿಂಬಾಲಿಸಲು ಯಾವ ವಿಧಾನ ಸೂಕ್ತ?

ಗಣಿತ ಅಧ್ಯಾಪಕಿ, ಮಲ್ಲೇಶ್ವರ:

ದೀರ್ಘವೃತ್ತ ವೃತ್ತಕ್ಕೆ ಎಷ್ಟು ಹತ್ತಿರವಿದೆ ಎಂಬ ಅಳತೆಗೆ ಮಿತಿ ಹಾಕಿ ಹುಡುಕಬೇಡಿ. ಕ್ಷೇತ್ರ ಮಂಕಾಗಿರುವ ಕಡೆ ಅದು ನಂಬಿಕೆಗೆ ಅರ್ಹವಲ್ಲ. ಮೂರು ಆಯಾಮದ ಜಾಲರಿಯ ಪ್ರತಿ ಚಿಕ್ಕ ಚೌಕದ ನಾಲ್ಕು ಮೂಲೆಗಳನ್ನು ಸುತ್ತಿ ವರ್ಗಮೊತ್ತದ ಪ್ರಾವಸ್ಥೆ ಎಷ್ಟು ತಿರುಗಿತು ಎಂದು ಎಣಿಸಿ. ಧನ 360 ಡಿಗ್ರಿ ಅಥವಾ ಋಣ 360 ಡಿಗ್ರಿ ಬಂದ ಚೌಕದ ಮೂಲಕ ಸಿ-ರೇಖೆಯೊಂದು ಹಾದುಹೋಗುತ್ತಿದೆ. ಅಂಥ ಚೌಕಗಳನ್ನು ಘನದಿಂದ ಘನಕ್ಕೆ ಜೋಡಿಸುತ್ತ ಹೋದರೆ ರೇಖೆ ಸಿಗುತ್ತದೆ, ಮತ್ತು ಯಾವ ಘನದಲ್ಲೂ ರೇಖೆ ಒಳಗೆ ಬಂದು ಅಲ್ಲೇ ನಿಂತುಬಿಡಬಾರದು. ನಿಂತರೆ ಜಾಲರಿ ಒರಟಾಗಿದೆ ಎಂದರ್ಥ. ಆದರ್ಶ ಮಸೂರದ ನಾಭಿತಲ ಜಾಲರಿಯ ಒಂದು ಪದರದ ಮೇಲೆಯೇ ಬೀಳದಂತೆ ಜಾಲರಿಯನ್ನು ಅಕ್ಷದ ಗುಂಟ ಅರ್ಧ ಹೆಜ್ಜೆ ಸರಿಸಿಕೊಳ್ಳಿ.